ಎಷ್ಟು ಹೊತ್ತಿಗೆ ಶುರುವಾಯಿತು? – ಅಲರ್ಜಿಯ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅಲರ್ಜಿಯ ಸುತ್ತಲೇ ಇವೆ. ಮಳೆ ಇನ್ನೂ ಪೂರ್ತಿ ಬಿಟ್ಟಿಲ್ಲ, ಗೋಡೆಗಳಲ್ಲಿ ತೇವ ಆರಿಲ್ಲ, ಬೀರುವಿನಲ್ಲಿಟ್ಟ ಚರ್ಮದ ಬೆಲ್ಟಿಗೆ ಬೂಷ್ಟು ಬಂದಿದೆ. ಇಂಥ ಹೊತ್ತಿನಲ್ಲಿ ಕೊಡಗಿನ ಮನೆಮನೆಯಲ್ಲೂ ಒಬ್ಬರಾದರೂ ಸೀನುತ್ತಿರುತ್ತಾರೆ, ಇಲ್ಲವೇ ಕೆರೆದುಕೊಳ್ಳುತ್ತಿರುತ್ತಾರೆ. ನನ್ನ ಹತ್ತಿರ ಬರುವವರಿಗೆ, ಏನು ತಿಂದಿರಿ, ಏನು ಮುಟ್ಟಿದಿರಿ ಎಂದು ಕೇಳುವ ಮೊದಲೇ ಇನ್ನೆರಡು ಪ್ರಶ್ನೆ ಹಾಕುತ್ತೇನೆ. ತೊಂದರೆ ಎಷ್ಟು ಹೊತ್ತಿಗೆ ಶುರುವಾಯಿತು? ಶುರುವಾದದ್ದು ಎಷ್ಟು ಹೊತ್ತು ಇತ್ತು? ಅಲರ್ಜಿಯೋ ಅಲ್ಲವೋ, ಆಗಿದ್ದರೆ ಯಾವ ಬಗೆಯದು ಎಂಬುದರ ಸುಳಿವು ಬಹುಪಾಲು ಈ ಎರಡು ಉತ್ತರಗಳಲ್ಲೇ ಸಿಗುತ್ತದೆ. ಪತ್ರ ಬರೆದವರೆಲ್ಲರ ಹೆಸರು ಬಿಟ್ಟು ಊರನ್ನು ಮಾತ್ರ ಹಾಕಿದ್ದೇನೆ.

ಮಗನಿಗೆ ಹತ್ತು ವರ್ಷ. ಜೂನ್ ಬಂದರೆ ಸಾಕು, ಬೆಳಿಗ್ಗೆ ಎದ್ದ ಕೂಡಲೇ ಒಂದರ ಹಿಂದೆ ಒಂದು ಸೀನುತ್ತಾನೆ, ಮೂಗಿನಿಂದ ನೀರು ಇಳಿಯುತ್ತದೆ. ಮಳೆಯಲ್ಲಿ ನೆನೆದು ಶೀತವಾಗಿದೆ ಎಂದು ಅತ್ತೆಯವರು ತಲೆಸ್ನಾನಕ್ಕೂ ಬಿಡುವುದಿಲ್ಲ. ಎರಡು ಸಲ ಆ್ಯಂಟಿಬಯಾಟಿಕ್ ಕೊಡಿಸಿದೆವು, ಪ್ರಯೋಜನವಾಗಲಿಲ್ಲ. ಇದು ಶೀತವೋ ಅಲರ್ಜಿಯೋ?
– ಗೃಹಿಣಿ, ಮಡಿಕೇರಿ

ಶೀತ ವೈರಸ್‌ನಿಂದ ಬರುತ್ತದೆ. ಗಂಟಲು ನೋವು, ಮೈಕೈ ನೋವು, ಕೆಲವೊಮ್ಮೆ ಸಣ್ಣ ಜ್ವರ ಜೊತೆಗಿರುತ್ತವೆ. ಎರಡು ಮೂರು ದಿನದಲ್ಲಿ ಸಿಂಬಳ ದಪ್ಪವಾಗಿ, ಏಳರಿಂದ ಹತ್ತು ದಿನದೊಳಗೆ ಹೊರಟುಹೋಗುತ್ತದೆ. ವಾರಗಟ್ಟಲೆ ಇದ್ದು, ಪ್ರತಿವರ್ಷ ಅದೇ ತಿಂಗಳಿಗೆ ಬಂದು, ಮೂಗಿನಿಂದ ತಿಳಿನೀರು ಮಾತ್ರ ಇಳಿಯುತ್ತಿದ್ದರೆ ಅದು ಅಲರ್ಜಿ ಇರುವ ಸಂಭವವೇ ಹೆಚ್ಚು. ಎಲ್ಲಕ್ಕಿಂತ ದೊಡ್ಡ ಗುರುತು ತುರಿಕೆ. ಮೂಗು, ಕಣ್ಣು, ಬಾಯಿಯ ಅಂಗುಳ, ಕಿವಿಯ ಒಳಗೆ ಎಲ್ಲ ಕಡೆ ತುರಿಸುತ್ತದೆ. ಮಗನನ್ನು ಕಿಟಕಿಯ ಬೆಳಕಿಗೆ ಕೂರಿಸಿ ಮೂಗನ್ನು ನೋಡಿ. ತುದಿಯಿಂದ ಸ್ವಲ್ಪ ಮೇಲೆ ಅಡ್ಡಲಾಗಿ ಒಂದು ಸಣ್ಣ ಗೆರೆ ಕಾಣುತ್ತದೆಯೇ? ಅಂಗೈಯಿಂದ ಮೂಗನ್ನು ಮೇಲಕ್ಕೆ ಒತ್ತಿ ಒತ್ತಿ ಉಜ್ಜುವ ಮಕ್ಕಳಿಗೆ ಈ ಗೆರೆ ಬೀಳುತ್ತದೆ. ಕಣ್ಣಿನ ಕೆಳಗೆ ಕಪ್ಪಾಗಿರುವುದು, ಬಾಯಿ ತೆರೆದು ನಿದ್ರಿಸುವುದು ಕೂಡ ಇದರ ಜೊತೆಗಾರರೇ.

ಬೆಳಿಗ್ಗೆ ಹಾಸಿಗೆಯಿಂದ ಏಳುವಾಗಲೇ ಏಕೆ? ರಾತ್ರಿಯಿಡೀ ಅವನ ಮುಖ ದಿಂಬಿಗೆ ಒತ್ತಿಕೊಂಡಿರುತ್ತದೆ. ದಿಂಬು, ಹತ್ತಿಯ ಹಾಸಿಗೆ, ಕಂಬಳಿಗಳಲ್ಲಿ ಧೂಳಿನ ನುಸಿ ಎಂಬ ಜೀವಿ ಇರುತ್ತದೆ. ಉದ್ದ ಸುಮಾರು 0.3 ಮಿಲಿಮೀಟರ್, ಬರಿಗಣ್ಣಿಗೆ ಬಹುಮಟ್ಟಿಗೆ ಕಾಣುವುದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅದರ ಆಹಾರ. ಅದು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿಕೊಂಡು ಬದುಕುತ್ತದೆ. ಗಾಳಿಯ ತೇವಾಂಶ ಶೇ 50ಕ್ಕಿಂತ ಕೆಳಗೆ ಇಳಿದು ಹಾಗೆಯೇ ಇದ್ದರೆ ಒಣಗಿ ಸಾಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಡಿಕೇರಿಯಲ್ಲಿ ತೇವಾಂಶ ಅಷ್ಟು ಇಳಿಯುವುದೆಲ್ಲಿ? ಜೊತೆಗೆ ಗೋಡೆಯ ಬೂಷ್ಟಿನ ಬೀಜಕಣಗಳೂ ಗಾಳಿಯಲ್ಲಿರುತ್ತವೆ. ಈ ನುಸಿಯ ಹಿಕ್ಕೆಯಲ್ಲಿರುವ ಪ್ರೋಟೀನನ್ನು ಅಪಾಯಕಾರಿ ಎಂದು ನಿಮ್ಮ ಮಗನ ದೇಹ ತಪ್ಪಾಗಿ ಗುರುತಿಸಿಟ್ಟುಕೊಂಡಿದೆ. ಅದಕ್ಕೆ ಎದುರಾಗಿ ಐಜಿಇ ಎಂಬ ಪ್ರತಿಕಾಯಗಳನ್ನು ತಯಾರಿಸಿದೆ. ಅವು ಮೂಗಿನ ಒಳಪದರದ ಮಾಸ್ಟ್ ಕೋಶಗಳಿಗೆ ಅಂಟಿಕೊಂಡಿರುತ್ತವೆ. ಪ್ರೋಟೀನು ಬಂದು ತಾಗಿದ ಕೆಲವೇ ನಿಮಿಷಗಳಲ್ಲಿ ಆ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಚೆಲ್ಲುತ್ತವೆ. ಸೀನು, ನೀರು, ತುರಿಕೆ ಎಲ್ಲ ಅದರದೇ ಕೆಲಸ. ಮಳೆಯಲ್ಲಿ ನೆನೆದದ್ದಕ್ಕೂ ತಲೆಸ್ನಾನಕ್ಕೂ ಇದರಲ್ಲಿ ಪಾತ್ರವಿಲ್ಲ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ, ಹುಡುಗನಿಗೆ ಬಿಸಿನೀರಿನ ಸ್ನಾನ ಮಾಡಿಸಿ.

ಮಾಡಬೇಕಾದ್ದು ಇಷ್ಟು. ದಿಂಬಿನ ಚೀಲ, ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯಷ್ಟು ಬಿಸಿನೀರಿನಲ್ಲಿ ಒಗೆಯಿರಿ. ತಣ್ಣೀರಿನಲ್ಲಿ ಒಗೆದರೆ ನುಸಿ ಸಾಯುವುದಿಲ್ಲ. ಅಜ್ಜನ ಕಾಲದ ಕಂಬಳಿಯನ್ನು ಅವನ ಕೋಣೆಯಿಂದ ಹೊರಗಿಡಿ. ಬಿಸಿಲು ಬಿದ್ದ ದಿನ ಹಾಸಿಗೆಯನ್ನು ಅಂಗಳಕ್ಕೆ ಹಾಕಿ, ಎರಡೂ ಮಗ್ಗುಲು ಕಾಯಲಿ. ಮಳೆಗಾಲದಲ್ಲಿ ಬಟ್ಟೆಯನ್ನು ಕೆಂಡದ ಮೇಲೆ, ಒಲೆಯ ಮೇಲೆ ಒಣಗಿಸುವುದು ನಮ್ಮಲ್ಲಿ ಅನಿವಾರ್ಯ. ಆದರೆ ಆ ಹೊಗೆ ಈಗಾಗಲೇ ಕೆರಳಿರುವ ಮೂಗನ್ನು ಇನ್ನಷ್ಟು ಕೆರಳಿಸುತ್ತದೆ. ಅವನು ಮಲಗುವ ಕೋಣೆಯಿಂದ ಅದು ದೂರವಿರಲಿ.

ಔಷಧಿಯಲ್ಲಿ ಸ್ಟಿರಾಯ್ಡ್ ಮೂಗಿನ ಸ್ಪ್ರೇಯನ್ನು ವೈದ್ಯರು ಬರೆದುಕೊಟ್ಟರೆ ಹೆದರಬೇಡಿ. ಅದರ ಪ್ರಮಾಣ ಬಹಳ ಕಡಿಮೆ, ಪೂರ್ಣ ಪರಿಣಾಮಕ್ಕೆ ಕೆಲವು ದಿನ ಬೇಕು. ಎರಡೇ ದಿನಕ್ಕೆ 'ಏನೂ ಆಗಲಿಲ್ಲ' ಎಂದು ಮೂಲೆಗಿಡುವವರೇ ಹೆಚ್ಚು. ಬಲ ಮೂಗಿಗೆ ಎಡಗೈಯಿಂದ, ಎಡ ಮೂಗಿಗೆ ಬಲಗೈಯಿಂದ ಹಿಡಿದು, ತುದಿಯನ್ನು ಮೂಗಿನ ನಡುಗೋಡೆಯ ಕಡೆಗಲ್ಲದೆ ಅದೇ ಬದಿಯ ಕಿವಿಯ ಕಡೆಗೆ ತಿರುಗಿಸಿ ಒತ್ತಬೇಕು. ಮೆಲ್ಲಗೆ ಉಸಿರೆಳೆದರೆ ಸಾಕು, ಜೋರಾಗಿ ಎಳೆದರೆ ಔಷಧಿ ಗಂಟಲಿಗೆ ಹೋಗುತ್ತದೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ, ಮೂಗು ಕಟ್ಟಿದ್ದನ್ನು ಐದು ನಿಮಿಷದಲ್ಲಿ ಬಿಡಿಸುವ ಹನಿಗಳು ಬೇರೆ. ಅವನ್ನು ಐದು ದಿನಕ್ಕಿಂತ ಹೆಚ್ಚು ಹಾಕಿದರೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟಿಕೊಳ್ಳುತ್ತದೆ. ರಾತ್ರಿ ಕೆಮ್ಮು, ಓಡಿದಾಗ ಎದೆಯಲ್ಲಿ ಸಿಳ್ಳೆಯಂಥ ಸದ್ದು ಇದ್ದರೆ ತಡಮಾಡದೆ ತೋರಿಸಿ. ಮೂಗಿನ ಅಲರ್ಜಿ ಇರುವ ಮಕ್ಕಳಲ್ಲಿ ಆಸ್ತಮಾ ಜೊತೆಗೂಡಿರುವುದು ಸಾಮಾನ್ಯ.

ತಂದೆಗೆ ಅರವತ್ತೈದು. ಶುಂಠಿ, ಜೋಳ ಬೆಳೆಯುತ್ತೇವೆ. ಎರಡು ವರ್ಷದಿಂದ ಅವರ ಮುಖ, ಕುತ್ತಿಗೆ, ಮೊಣಕೈ ಮಡಿಕೆಯ ಚರ್ಮ ದಪ್ಪವಾಗಿ, ಕಪ್ಪಾಗಿ, ರಕ್ತ ಬರುವಷ್ಟು ತುರಿಸುತ್ತದೆ. ಬಿಸಿಲಿನ ಅಲರ್ಜಿ ಎಂದು ಒಬ್ಬರು ಹೇಳಿದರು. ಟೋಪಿ ಹಾಕಿದರೂ ಕಡಿಮೆಯಾಗಿಲ್ಲ.
– ಕೃಷಿಕ, ಕುಶಾಲನಗರದ ಹತ್ತಿರ

ಒಂದು ಪರೀಕ್ಷೆ ನೀವೇ ಮಾಡಬಹುದು. ಅವರ ಮೇಲಿನ ಕಣ್ಣುರೆಪ್ಪೆ, ಗದ್ದದ ಅಡಿ, ಕಿವಿಯ ಹಿಂಬದಿಯನ್ನು ನೋಡಿ. ಬಿಸಿಲು ಬೀಳದ ಈ ಜಾಗಗಳನ್ನು ಬಿಸಿಲಿನ ಅಲರ್ಜಿ ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಅಲ್ಲೂ ಚರ್ಮ ಕೆಟ್ಟಿದ್ದರೆ ಗಾಳಿಯಲ್ಲಿ ಹಾರಿಬರುವ ಏನೋ ಒಂದು ಕಾರಣ. ನಿಮ್ಮ ಕಡೆ ಆ 'ಏನೋ' ಹೆಚ್ಚಾಗಿ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ.

1950ರ ದಶಕದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದ ಈ ಕಳೆ ಇಂದು ದೇಶದ ತುಂಬ ಇದೆ. ಕೊಡಗಿನ ಪಶ್ಚಿಮದ ಮಳೆಕಾಡಿನಲ್ಲಿ ಅದಕ್ಕೆ ಅಷ್ಟು ಜಾಗವಿಲ್ಲ. ಮಳೆ ಕಡಿಮೆಯಾಗುವ ಕುಶಾಲನಗರ, ಸೋಮವಾರಪೇಟೆಯ ಪೂರ್ವದ ಅಂಚಿನಲ್ಲಿ ರಸ್ತೆ ಬದಿ, ಪಾಳುಗದ್ದೆಗಳಲ್ಲೆಲ್ಲ ಬಿಳಿ ಹೂ ಬಿಟ್ಟು ನಿಂತಿರುತ್ತದೆ. ಅದರ ಎಲೆ, ಕಾಂಡ, ಹೂವಿನ ಮೇಲಿನ ಸೂಕ್ಷ್ಮ ರೋಮಗಳಲ್ಲಿರುವ ಪಾರ್ಥೇನಿನ್ ಎಂಬ ವಸ್ತು ಒಣಗಿ ಪುಡಿಯಾದ ಮೇಲೂ ಚರ್ಮವನ್ನು ಕೆರಳಿಸುತ್ತದೆ.

ಇದು ಮಡಿಕೇರಿಯ ಹುಡುಗನ ಅಲರ್ಜಿಗಿಂತ ಬೇರೆ ಬಗೆಯದು. ಇಲ್ಲಿ ಐಜಿಇಗೆ ಕೆಲಸವಿಲ್ಲ, ಟಿ ಕೋಶಗಳು ಎಂಬ ಬಿಳಿ ರಕ್ತಕಣಗಳು ನಿಧಾನವಾಗಿ ಕೆರಳುತ್ತವೆ. ಮುಟ್ಟಿದ ಒಂದರಿಂದ ಮೂರು ದಿನಗಳ ನಂತರ ತುರಿಕೆ ಏಳುತ್ತದೆ. ಸೋಮವಾರ ಕಳೆ ಕಿತ್ತವರು ಬುಧವಾರ ತುರಿಕೆ ಬಂದಾಗ ಮಂಗಳವಾರ ತಿಂದ ಬದನೆಕಾಯಿಯನ್ನು ದೂರುವುದು ಇದರಿಂದಲೇ. ಆಭರಣದ ನಿಕ್ಕಲ್, ಕೆಲವರ ಮೈಗೆ ಸಿಡಿಯುವ ಮಾವಿನ ಸೊನೆ, ಗಾರೆ ಕೆಲಸದವರ ಕೈಗೆ ಹತ್ತುವ ಸಿಮೆಂಟ್ ಎಲ್ಲವೂ ಇದೇ ನಿಧಾನದ ಗುಂಪಿನವು.

ಚರ್ಮರೋಗ ತಜ್ಞರಲ್ಲಿ ಪ್ಯಾಚ್ ಪರೀಕ್ಷೆ ಮಾಡಿಸಿ. ಬೆನ್ನಿಗೆ ಅಂಟಿಸಿದ ಪಟ್ಟಿಯನ್ನು ಎರಡು ದಿನದ ನಂತರ ತೆಗೆದು ನೋಡುತ್ತಾರೆ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಅಲ್ಲಿಯವರೆಗೆ ತಂದೆಯವರು ತುಂಬುತೋಳಿನ ಅಂಗಿ ಹಾಕಲಿ, ಗದ್ದೆಯಿಂದ ಬಂದ ಕೂಡಲೇ ಸ್ನಾನ ಮಾಡಲಿ, ಅವರ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಗಿಡವನ್ನು ಹೂ ಬಿಡುವ ಮೊದಲೇ, ಮಳೆ ಬಂದು ಮಣ್ಣು ಸಡಿಲವಾದಾಗ, ಕೈಚೀಲ ಹಾಕಿಕೊಂಡು ಬೇರುಸಹಿತ ಕೀಳಬೇಕು. ಆ ಕೆಲಸ ಅವರದ್ದಾಗದಿರಲಿ. ಕಿತ್ತ ರಾಶಿಗೆ ಮನೆಯ ಹತ್ತಿರ ಬೆಂಕಿ ಹಚ್ಚಬೇಡಿ. ಸೇವಂತಿಗೆಯೂ ಅದೇ ಕುಟುಂಬದ ಗಿಡ, ಕೆಲವರಿಗೆ ಅದೂ ಆಗುವುದಿಲ್ಲ. ಹಬ್ಬಕ್ಕೆ ಹೂ ಕಟ್ಟಿದ ಮರುದಿನ ಅವರ ಕೈ ಹೇಗಿರುತ್ತದೆ ಎಂದು ಗಮನಿಸಿ.

ಕಾಫಿ ಬೀಜದ ಸಿಪ್ಪೆ ತೆಗೆಯುವ ಹಲ್ಲಿಂಗ್ ಮಿಲ್ಲಿನಲ್ಲಿ ಆರು ವರ್ಷದಿಂದ ಕೆಲಸ. ಹೋದ ವರ್ಷದಿಂದ ಸಂಜೆ ಹೊತ್ತಿಗೆ ಎದೆ ಬಿಗಿಯುತ್ತದೆ, ರಾತ್ರಿ ಕೆಮ್ಮು. ನಾನು ಬೀಡಿ ಸೇದುವುದಿಲ್ಲ. ಕಾಫಿ ಕುಡಿಯುವುದನ್ನು ಬಿಡಬೇಕೆ?
– ಕಾರ್ಮಿಕ, ಸುಂಟಿಕೊಪ್ಪ

ಕಾಫಿ ಕುಡಿಯಿರಿ, ಅದಲ್ಲ ತೊಂದರೆ. ನಿಮಗೆ ನನ್ನ ಪ್ರಶ್ನೆ ಹೀಗಿದೆ: ಭಾನುವಾರ ಹೇಗಿರುತ್ತೀರಿ? ಪುತ್ತರಿ ಹಬ್ಬಕ್ಕೆ ಊರಿಗೆ ಹೋಗಿ ನಾಲ್ಕು ದಿನ ಇದ್ದಾಗ ಹೇಗಿತ್ತು? ರಜೆಯಲ್ಲಿ ಹಗುರವಾಗಿ, ಕೆಲಸಕ್ಕೆ ಮರಳಿದಾಗ ಮತ್ತೆ ಬಿಗಿದರೆ ಅದು ಕೆಲಸದ ಜಾಗದ ಆಸ್ತಮಾ ಇರಬಹುದು. ಹುರಿಯದ ಹಸಿ ಕಾಫಿ ಬೀಜದ ಧೂಳಿನಿಂದ ಮೂಗಿನ ಅಲರ್ಜಿ, ಆಸ್ತಮಾ ಬರುವುದನ್ನು ವೈದ್ಯವಿಜ್ಞಾನ ಬಹುಕಾಲದಿಂದ ಬಲ್ಲದು. ಹಿಂದೆ ಹರಳುಬೀಜ ತುಂಬಿದ್ದ ಗೋಣಿಚೀಲವನ್ನೇ ಕಾಫಿಗೂ ಬಳಸಿದರೆ ಅದರ ಪುಡಿ ಇನ್ನೂ ತೀಕ್ಷ್ಣ. ಬೀಜವನ್ನು ಹುರಿದಾಗ ಅಲರ್ಜಿ ತರುವ ಪ್ರೋಟೀನುಗಳ ಶಕ್ತಿ ಬಹುಮಟ್ಟಿಗೆ ಕುಂದುತ್ತದೆ.

ತಡಮಾಡಬೇಡಿ ಎಂದು ಒತ್ತಿ ಹೇಳುತ್ತೇನೆ. ಲಕ್ಷಣಗಳೊಂದಿಗೇ ವರ್ಷಗಟ್ಟಲೆ ಅದೇ ಧೂಳಿನಲ್ಲಿ ದುಡಿದರೆ, ಆಮೇಲೆ ಕೆಲಸ ಬಿಟ್ಟರೂ ಆಸ್ತಮಾ ಉಳಿದುಬಿಡಬಹುದು. ಉಸಿರಿನ ರಭಸ ಅಳೆಯುವ ಪೀಕ್ ಫ್ಲೋ ಮೀಟರ್ ಎಂಬ ಪುಟ್ಟ ಕೊಳವೆಯನ್ನು ವೈದ್ಯರಿಂದ ಕೇಳಿ ಪಡೆಯಿರಿ. ಕೆಲಸದ ದಿನ, ರಜೆಯ ದಿನ ಎರಡರಲ್ಲೂ ದಿನಕ್ಕೆ ನಾಲ್ಕು ಹೊತ್ತು ಊದಿ ಅಂಕಿ ಬರೆದಿಡಿ. ಕೆಲವು ವಾರಗಳ ಆ ಹಾಳೆಯೇ ನಿಮ್ಮ ಪರವಾಗಿ ಮಾತನಾಡುತ್ತದೆ. ಮುಖಕ್ಕೆ ಕಟ್ಟುವ ಟವಲು ಇಷ್ಟು ನಯವಾದ ಧೂಳನ್ನು ತಡೆಯುವುದಿಲ್ಲ, ಎನ್-95 ಮುಖಗವಸು ಬೇಕು. ಮಿಲ್ಲಿನ ಮಾಲೀಕರೂ ಇದನ್ನು ಓದುತ್ತಿದ್ದರೆ ಅವರಲ್ಲಿ ನನ್ನ ವಿನಂತಿ: ಯಂತ್ರದ ಬಾಯಲ್ಲಿ ಧೂಳು ಎಳೆದುಕೊಳ್ಳುವ ವ್ಯವಸ್ಥೆ ಮಾಡಿಸಿ, ಇಂಥವರಿಗೆ ಧೂಳಿಲ್ಲದ ಕಡೆ ಕೆಲಸ ಕೊಡಿ. ಇನ್ನು ಇನ್‌ಹೇಲರ್ ಒಮ್ಮೆ ಹಿಡಿದರೆ ಚಟವಾಗುತ್ತದೆ ಎಂಬ ಮಾತನ್ನು ನಂಬಬೇಡಿ. ಮಾತ್ರೆಯಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ ಇಡೀ ಮೈಗೆ ಹೋಗುವ ಔಷಧಿ, ಇನ್‌ಹೇಲರ್‌ನಲ್ಲಿ ಮೈಕ್ರೋಗ್ರಾಂ ಲೆಕ್ಕದಲ್ಲಿ ನೇರವಾಗಿ ಶ್ವಾಸನಾಳಕ್ಕೆ ಹೋಗುತ್ತದೆ.

ವಯಸ್ಸು 48. ಮದುವೆ ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ಪಂದಿಕರಿ (ಹಂದಿ ಮಾಂಸದ ಸಾರು), ಕಡುಬು ಊಟ ಮಾಡಿ ಮಲಗಿದವನಿಗೆ ನಡುರಾತ್ರಿ ಎರಡು ಗಂಟೆಗೆ ಅಂಗೈ ತುರಿಸಿ ಎಚ್ಚರವಾಯಿತು. ಮೈತುಂಬ ದದ್ದು, ಹೊಟ್ಟೆನೋವು. ಹೀಗಾಗಿದ್ದು ಇದು ಮೂರನೇ ಸಲ. ಅದಕ್ಕೆ ಹುಳಿಗೆಂದು ಹಾಕುವ ಕಾಚಂಪುಳಿಯಿಂದ ಇರಬಹುದೆಂದು ಮನೆಯವರ ಅನುಮಾನ. ಕೋಳಿ ತಿಂದರೆ ಏನೂ ಆಗುವುದಿಲ್ಲ.
– ಕಾಫಿ ಬೆಳೆಗಾರ, ಪೊನ್ನಂಪೇಟೆ

ನೀವು ಗಂಟೆ ಬರೆದದ್ದರಿಂದ ನನಗೆ ಬಹಳ ಸಹಾಯವಾಯಿತು. ಸಾಮಾನ್ಯ ಆಹಾರದ ಅಲರ್ಜಿ ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಕಾಣಿಸಿಕೊಳ್ಳುತ್ತದೆ. ಸೀಗಡಿ, ಏಡಿ, ಶೇಂಗಾ, ಮೊಟ್ಟೆ, ಹಾಲು, ಗೋಡಂಬಿ ಯಾವುದೇ ಆಗಲಿ, ತುಟಿ ಊದುವುದು, ಬಾಯಿ ತುರಿಸುವುದು, ಪಿತ್ತಗಂಧೆ ಏಳುವುದು, ವಾಂತಿ ಬೇಗನೇ ಆಗುತ್ತವೆ. ನಿಮಗೆ ಐದು ಗಂಟೆ ಹಿಡಿದಿದೆ. ಕಾಚಂಪುಳಿಯ ಮೇಲಿನ ಆರೋಪ ನಿಲ್ಲುವುದಿಲ್ಲ. ಮೀನುಸಾರಿನಲ್ಲಿಯೂ ಅದನ್ನೇ ತಿಂದಿರುತ್ತೀರಲ್ಲ, ಆಗೇನೂ ಆಗಿರಲಾರದು.

ತಡವಾಗಿ ಬರುವ ಒಂದು ವಿಶೇಷ ಮಾಂಸದ ಅಲರ್ಜಿ ಇದೆ. ಹಂದಿ, ಕುರಿ, ಆಡು, ದನದಂಥ ಸಸ್ತನಿಗಳ ಮಾಂಸದಲ್ಲಿ ಆಲ್ಫಾ-ಗ್ಯಾಲ್ ಎಂಬ ಸಕ್ಕರೆಯ ಅಂಶವಿರುತ್ತದೆ. ಮನುಷ್ಯನಲ್ಲಿ ಅದು ಇಲ್ಲ. ಕೆಲವು ಜಾತಿಯ ಉಣುಗುಗಳು ಕಚ್ಚಿದಾಗ ಅವುಗಳ ಜೊಲ್ಲಿನ ಮೂಲಕ ಈ ಅಂಶ ನಮ್ಮ ಚರ್ಮಕ್ಕೆ ಇಳಿದು, ದೇಹ ಅದರ ಮೇಲೆ ಐಜಿಇ ತಯಾರಿಸಿಕೊಳ್ಳುತ್ತದೆ. ಮುಂದೆ ಮಾಂಸ ತಿಂದಾಗ ಮೂರರಿಂದ ಆರು ಗಂಟೆಯ ನಂತರ, ಹೆಚ್ಚಾಗಿ ನಿದ್ರೆಯ ನಡುವೆ, ದದ್ದು, ಹೊಟ್ಟೆನೋವು, ಕೆಲವರಿಗೆ ಉಸಿರಾಟದ ತೊಂದರೆಯೂ ಬರುತ್ತದೆ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ 2000ದ ದಶಕದ ಕೊನೆಯಲ್ಲಿ ಇದನ್ನು ಗುರುತಿಸಿದರು. ಕೋಳಿ, ಮೀನಿನಲ್ಲಿ ಈ ಅಂಶವಿಲ್ಲ, ನಿಮ್ಮ ಅನುಭವಕ್ಕೂ ಇದು ಹೊಂದುತ್ತದೆ. ನಿಮಗೆ ಇದೇ ಎಂದು ಪತ್ರ ನೋಡಿ ಹೇಳಲಾರೆ. ತೋಟದಲ್ಲಿ ಓಡಾಡುವವರು ನೀವು, ಉಣುಗು ಕಚ್ಚಿ ವಾರಗಟ್ಟಲೆ ತುರಿಸಿದ ನೆನಪಿದ್ದರೆ ವೈದ್ಯರಿಗೆ ಹೇಳಿ. ಆಲ್ಫಾ-ಗ್ಯಾಲ್‌ಗೆ ಬೇರೆಯೇ ರಕ್ತಪರೀಕ್ಷೆ ಇದೆ, ಅದರ ಹೆಸರು ಹೇಳಿಯೇ ಬರೆಸಿಕೊಳ್ಳಬೇಕು. ಅದು ಇತ್ಯರ್ಥವಾಗುವವರೆಗೆ ಹಂದಿ, ಕುರಿ, ದನ ಯಾವ ಮಾಂಸವೂ ಬೇಡ. ಊಟದ ಜೊತೆಗಿನ ಮದ್ಯ, ನೋವಿನ ಮಾತ್ರೆ, ಕುಣಿತದ ಆಯಾಸ ಇವು ಯಾವುದೇ ಆಹಾರದ ಅಲರ್ಜಿಯನ್ನು ಜೋರು ಮಾಡುತ್ತವೆ. ಮದುವೆ ಮನೆಯಲ್ಲಿ ಮೂರೂ ಒಟ್ಟಿಗೆ ಇರುತ್ತವೆ ಎಂಬುದು ನನಗೂ ಗೊತ್ತು, ನಿಮಗೂ ಗೊತ್ತು. ಪಂದಿಕರಿ ಬಿಡಿ ಎಂದು ಕೊಡಗಿನವರಿಗೆ ಹೇಳುವುದು ನನಗೆ ಸುಲಭವಲ್ಲ. ಆದರೂ ಪ್ರತಿ ಸಲವೂ ಬರಿಯ ದದ್ದಿಗೇ ನಿಲ್ಲುತ್ತದೆ ಎಂಬ ಭರವಸೆಯನ್ನು ಯಾರೂ ಕೊಡಲಾರರು.

ಸಂತೆಯಿಂದ ತಂದ ಬಂಗುಡೆ ಸಾರು ತಿಂದ ಅರ್ಧ ಗಂಟೆಯಲ್ಲಿ ಮನೆಯ ನಾಲ್ವರಿಗೂ ಮುಖ ಕೆಂಪಾಗಿ, ತಲೆ ಸಿಡಿದು, ಎದೆ ಹೊಡೆದುಕೊಂಡಿತು. ನಮ್ಮ ವಂಶಕ್ಕೇ ಮೀನಿನ ಅಲರ್ಜಿಯೇ?
– ಶಿಕ್ಷಕಿ, ಗೋಣಿಕೊಪ್ಪ

ಒಂದೇ ಪಾತ್ರೆಯಿಂದ ತಿಂದ ಎಲ್ಲರಿಗೂ ಒಟ್ಟಿಗೆ ಆದರೆ ಮೀನನ್ನೇ ಅನುಮಾನಿಸಿ. ಬಂಗುಡೆ, ಮತ್ತಿ, ಕೇದರದಂಥ ಮೀನುಗಳನ್ನು ಹಿಡಿದಾಗಿನಿಂದ ಮಂಜುಗಡ್ಡೆಯಲ್ಲಿ ಸರಿಯಾಗಿ ಇಡದಿದ್ದರೆ ಬ್ಯಾಕ್ಟೀರಿಯಾಗಳು ಅದರ ಮಾಂಸದಲ್ಲೇ ಹಿಸ್ಟಮಿನ್ ತಯಾರಿಸುತ್ತವೆ. ಅಲರ್ಜಿಯಲ್ಲಿ ನಮ್ಮ ಮೈ ಹೊರಚೆಲ್ಲುವ ಅದೇ ವಸ್ತು ಇಲ್ಲಿ ತಟ್ಟೆಯಲ್ಲೇ ಬಂದಿರುತ್ತದೆ. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಕರಾವಳಿಯಿಂದ ಘಾಟಿ ಹತ್ತಿ ಬರುವ ಮೀನನ್ನು ಕೊಳ್ಳುವಾಗ ಮಂಜುಗಡ್ಡೆ ಎಷ್ಟು ಉಳಿದಿದೆ ನೋಡಿ. ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಉಸಿರಾಟಕ್ಕೆ ತೊಂದರೆಯಾದರೆ ಆಸ್ಪತ್ರೆಗೆ ಹೋಗಲೇಬೇಕು. ತಾಜಾ ಮೀನು ತಿನ್ನಲು ನಿಮಗೇನೂ ಅಡ್ಡಿ ಇರಲಾರದು.

ಕಕ್ಕಡ ಹದಿನೆಂಟರಂದು ಮದ್ದು ಸೊಪ್ಪಿನ ಪಾಯಸ ಕುಡಿದ ಬೆಂಗಳೂರಿನ ಸೊಸೆಗೆ ಮೂತ್ರ ಕೆಂಪಾಗಿ ಗಾಬರಿಯಾದಳು. ಕೆಸುವಿನ ಪತ್ರೊಡೆ ತಿಂದರೆ ಗಂಟಲೂ ತುರಿಸುತ್ತದಂತೆ. ಅವಳಿಗೆ ನಮ್ಮ ಊರಿನ ಆಹಾರದ ಅಲರ್ಜಿ ಇದೆಯೇ?
– ಹಿರಿಯ ಓದುಗರು, ನಾಪೋಕ್ಲು

ಎರಡೂ ಅಲರ್ಜಿಯಲ್ಲ. ಮದ್ದು ಸೊಪ್ಪಿನ ಬಣ್ಣ ಮೂತ್ರದಲ್ಲಿ ಹೊರಬರುತ್ತದೆ, ಅಮ್ಮ, ನಿಮಗೂ ಹಾಗೆಯೇ ಆಗುತ್ತದಲ್ಲವೇ? ಮುಂದಿನ ಕಕ್ಕಡ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ಕ್ಕೆ, ಸೊಸೆಗೆ ಮೊದಲೇ ಹೇಳಿಬಿಡಿ. ಮರುದಿನ ಕಳೆದ ಮೇಲೂ ಕೆಂಪು ಉಳಿದರೆ ಮಾತ್ರ ಪರೀಕ್ಷೆ ಮಾಡಿಸಿ. ಕೆಸುವಿನಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಹುಳಿ ಕಡಿಮೆಯಾಗಿ, ಬೇಯುವುದೂ ಸಾಲದಿದ್ದರೆ ಯಾರ ಗಂಟಲಾದರೂ ತುರಿಸುತ್ತದೆ. ಅವಳ ತುಟಿ ಅಥವಾ ನಾಲಿಗೆ ಊದಿದರೆ, ಮೈಯಲ್ಲಿ ದದ್ದು ಎದ್ದರೆ ಮಾತು ಬೇರೆ.

ಮೆಣಸು ಕೊಯ್ಯಲು ಏಣಿ ಹತ್ತಿದ್ದ ನಮ್ಮ ತೋಟದ ಹೆಂಗಸಿಗೆ ಹೆಜ್ಜೇನು ಕಚ್ಚಿತು. ಕಚ್ಚಿದ್ದು ಎರಡೋ ಮೂರೋ. ಹತ್ತು ನಿಮಿಷದಲ್ಲಿ ಮೈಯೆಲ್ಲ ದದ್ದು, ಧ್ವನಿ ಒಡೆಯಿತು, ಕಣ್ಣು ಕತ್ತಲೆಯಾಗಿ ಕುಸಿದಳು. ಸುಣ್ಣ ಹಚ್ಚಿ, ಅಲರ್ಜಿಯ ಮಾತ್ರೆ ನುಂಗಿಸಿ, ಜೀಪಿನಲ್ಲಿ ಕೂರಿಸಿಕೊಂಡು ಹೋದೆವು. ದೇವರ ದಯೆ, ಬದುಕಿದಳು. ಮುಂದೆ ಹೀಗಾದರೆ ಏನು ಮಾಡಬೇಕು?
– ತೋಟದ ಮಾಲೀಕರು, ಸಿದ್ದಾಪುರ

ಈ ಅಂಕಣದಲ್ಲಿ ಒಂದೇ ಉತ್ತರ ಓದಲು ಸಮಯವಿದ್ದರೆ ಇದನ್ನು ಓದಿ, ತೋಟದ ಮೇಸ್ತ್ರಿಗೂ ರೈಟರಿಗೂ ಓದಿ ಹೇಳಿ.

ಜೇನು ಕಚ್ಚಿದ ಜಾಗ ಊದಿ, ಕೆಂಪಾಗಿ, ನೋಯುವುದು ಎಲ್ಲರಿಗೂ ಆಗುತ್ತದೆ. ಕೈಗೆ ಕಚ್ಚಿದ್ದಕ್ಕೆ ಮೊಣಕೈವರೆಗೂ ಊದಿ ಎರಡು ಮೂರು ದಿನ ಇರುವುದೂ ಉಂಟು. ನೋಡಲು ಭಯವಾದರೂ ಅದರಿಂದ ಜೀವಕ್ಕೆ ಅಪಾಯ ಬರುವುದು ವಿರಳ. ಕಚ್ಚಿದ ಜಾಗ ಬಿಟ್ಟು ಮೈಯ ಬೇರೆ ಭಾಗಗಳಲ್ಲಿ ಲಕ್ಷಣ ಕಾಣಿಸಿದಾಗ ಅಪಾಯ ಶುರುವಾಗುತ್ತದೆ. ಮೈಯೆಲ್ಲ ಪಿತ್ತಗಂಧೆ, ತುಟಿ ಮತ್ತು ನಾಲಿಗೆ ಊದುವುದು, ಗಂಟಲು ಬಿಗಿದು ಧ್ವನಿ ಬದಲಾಗುವುದು, ಏದುಸಿರು, ಒಂದೇ ಸಮನೆ ವಾಂತಿ, ತಲೆಸುತ್ತು, ಪ್ರಜ್ಞೆ ತಪ್ಪುವುದು. ಇದನ್ನು ಅನಾಫಿಲ್ಯಾಕ್ಸಿಸ್ ಎನ್ನುತ್ತೇವೆ. ರಕ್ತನಾಳಗಳು ಒಮ್ಮೆಲೇ ಸಡಿಲವಾಗಿ ರಕ್ತದೊತ್ತಡ ಕುಸಿಯುತ್ತದೆ, ಶ್ವಾಸನಾಳ ಬಿಗಿಯುತ್ತದೆ. ಜೇನಿನಿಂದಲೂ ಕಣಜದಿಂದಲೂ ಬರಬಹುದು. ಆಹಾರದಿಂದ, ಪೆನಿಸಿಲಿನ್‌ನಂಥ ಔಷಧಿಯಿಂದ, ನೋವಿನ ಮಾತ್ರೆಯಿಂದಲೂ ಬರಬಹುದು. ದದ್ದು ಇಲ್ಲದೆಯೂ ಬರಬಹುದು ಎಂಬುದನ್ನು ನೆನಪಿಡಿ.

ಇದಕ್ಕೆ ಔಷಧಿ ಒಂದೇ, ಅಡ್ರಿನಲಿನ್ ಚುಚ್ಚುಮದ್ದು. ತೊಡೆಯ ಹೊರಬದಿಯ ಮಧ್ಯಭಾಗದ ಸ್ನಾಯುವಿಗೆ, ವಯಸ್ಕರಿಗೆ ಸಾಮಾನ್ಯವಾಗಿ 0.5 ಮಿಲಿಗ್ರಾಂ. ಸಾಲದಿದ್ದರೆ ಐದು ನಿಮಿಷ ಬಿಟ್ಟು ಮತ್ತೊಮ್ಮೆ. ಅಲರ್ಜಿಯ ಮಾತ್ರೆ ತುರಿಕೆಯನ್ನು ಇಳಿಸುತ್ತದೆ, ಕುಸಿದ ರಕ್ತದೊತ್ತಡವನ್ನು ಎತ್ತುವುದಿಲ್ಲ, ಗಂಟಲನ್ನು ತೆರೆಯುವುದಿಲ್ಲ. ಸುಣ್ಣ ಏನನ್ನೂ ಮಾಡುವುದಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಕಣ್ಣು ಕತ್ತಲೆ ಬಂದವರನ್ನು ಕೂರಿಸಬೇಡಿ, ನಿಲ್ಲಿಸಬೇಡಿ, ನಡೆಸಬೇಡಿ. ಅಂಗಾತ ಮಲಗಿಸಿ ಕಾಲುಗಳನ್ನು ಎತ್ತರಕ್ಕೆ ಇಡಿ. ಜೀಪಿನಲ್ಲೂ ಹಿಂದಿನ ಸೀಟಿನಲ್ಲಿ ಮಲಗಿಸಿಯೇ ಒಯ್ಯಿರಿ. ಒಮ್ಮೆಲೇ ಎದ್ದುನಿಂತಾಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ಜೀವ ಹೋಗಿರುವ ಉದಾಹರಣೆಗಳಿವೆ. ಉಸಿರಾಟವೇ ಮುಖ್ಯ ತೊಂದರೆಯಾಗಿದ್ದರೆ ಮಾತ್ರ ಒರಗಿ ಕುಳಿತಿರಲಿ, ಕಾಲು ಚಾಚಿರಲಿ. ವಾಂತಿಯಾಗುತ್ತಿದ್ದರೆ, ಪ್ರಜ್ಞೆ ಇಲ್ಲದಿದ್ದರೆ ಮಗ್ಗುಲಿಗೆ ತಿರುಗಿಸಿ.

ಜೇನಿನ ಮುಳ್ಳು ಚರ್ಮದಲ್ಲೇ ಉಳಿಯುತ್ತದೆ, ಅದರ ತುದಿಯ ವಿಷದ ಚೀಲ ಇನ್ನೂ ವಿಷ ಇಳಿಸುತ್ತಿರುತ್ತದೆ. ಉಗುರಿನಿಂದ ಕೆರೆದೋ ಕಿತ್ತೋ ಆ ಕ್ಷಣವೇ ತೆಗೆಯಿರಿ. ಹೇಗೆ ತೆಗೆದಿರಿ ಎಂಬುದಕ್ಕಿಂತ ಎಷ್ಟು ಬೇಗ ತೆಗೆದಿರಿ ಎಂಬುದು ಮುಖ್ಯ. ಹೆಜ್ಜೇನು ಹಿಂಡಾಗಿ ಬಂದರೆ ಮೊದಲು ಎಲ್ಲರೂ ಅಲ್ಲಿಂದ ದೂರ ಓಡಿ, ಮುಳ್ಳು ಆಮೇಲೆ. ಹತ್ತಾರು, ನೂರಾರು ಕಡಿತವಾದರೆ ಅಲರ್ಜಿ ಇಲ್ಲದವರಿಗೂ ಆ ವಿಷವೇ ಪ್ರಾಣಾಂತಿಕ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. 108ಕ್ಕೆ ಕರೆ ಮಾಡಿ, ಆದರೆ ಮಳೆಗಾಲದ ತೋಟದ ದಾರಿಯಲ್ಲಿ ಅದು ಬರುವವರೆಗೆ ಕಾಯಬೇಕೋ, ನಿಮ್ಮ ವಾಹನದಲ್ಲಿ ಎದುರು ಹೋಗಬೇಕೋ ಎಂಬುದನ್ನು ಈಗಲೇ ತೀರ್ಮಾನಿಸಿಟ್ಟುಕೊಳ್ಳಿ. ಅಡ್ರಿನಲಿನ್ ದಿನದ ಇಪ್ಪತ್ನಾಲ್ಕು ಗಂಟೆಯೂ ಸಿಗುವ, ನಿಮಗೆ ಅತಿ ಹತ್ತಿರದ ಆಸ್ಪತ್ರೆ ಯಾವುದು ಎಂದು ಇಂದೇ ವಿಚಾರಿಸಿ, ಅದರ ದೂರವಾಣಿ ಸಂಖ್ಯೆಯನ್ನು ತೋಟದ ಕಚೇರಿಯ ಗೋಡೆಗೆ ಅಂಟಿಸಿ. ತಾನೇ ಚುಚ್ಚಿಕೊಳ್ಳುವ ಅಡ್ರಿನಲಿನ್ ಪೆನ್ ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ, ಬೆಲೆಯೂ ಹೆಚ್ಚು. ಆ ಮಹಿಳೆಗೆ ಮತ್ತೆ ಜೇನು ಕಚ್ಚಿದರೆ ಮತ್ತೆ ಹೀಗಾಗುವ ಸಂಭವ ಇರುವುದರಿಂದ ಅವರನ್ನು ತಜ್ಞರ ಬಳಿಗೆ ಕಳುಹಿಸಿ, ಔಷಧಿ ಹತ್ತಿರ ಇಟ್ಟುಕೊಳ್ಳುವ ಬಗೆಯನ್ನು ಅವರಿಂದಲೇ ಕಲಿಯಿರಿ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಬೇಕು, ಅಡ್ರಿನಲಿನ್ ಅಂಥವರಲ್ಲಿ ಸರಿಯಾಗಿ ಕೆಲಸ ಮಾಡದಿರಬಹುದು. ಸುಧಾರಿಸಿದ ಮೇಲೂ ಆಸ್ಪತ್ರೆಯಲ್ಲಿ ಕೆಲವು ಗಂಟೆ ಇರಲಿ. ಒಮ್ಮೆ ಇಳಿದ ಲಕ್ಷಣಗಳು ಮತ್ತೆ ಏಳುವುದುಂಟು. ಮತ್ತು ದಯವಿಟ್ಟು ಅವರನ್ನು ಇನ್ನು ಏಣಿ ಹತ್ತಿಸಬೇಡಿ. ಕೂಲಿ ಕಡಿಮೆ ಮಾಡದೆ ನೆಲದ ಮೇಲಿನ ಕೆಲಸ ಕೊಡಿ.

ತಲೆಗೆ ಕಪ್ಪು ಬಣ್ಣ ಹಚ್ಚಿದ ಮರುದಿನ ಕಣ್ಣು ತೆರೆಯಲಾಗದಷ್ಟು ಊದಿತು. ಹತ್ತು ವರ್ಷದಿಂದ ಅದೇ ಬಣ್ಣ ಹಚ್ಚುತ್ತಿದ್ದೇನೆ, ಈಗೇಕೆ?
– ನಿವೃತ್ತ ನೌಕರ, ವಿರಾಜಪೇಟೆ

ಅಲರ್ಜಿ ಹುಟ್ಟಿನಿಂದಲೇ ಬರಬೇಕೆಂದಿಲ್ಲ. ಅದೇ ವಸ್ತುವನ್ನು ಮತ್ತೆ ಮತ್ತೆ ಮುಟ್ಟುತ್ತಿದ್ದಾಗ ಒಂದು ದಿನ ದೇಹ ಅದನ್ನು ಒಲ್ಲೆನ್ನುತ್ತದೆ. ಕಪ್ಪು ಬಣ್ಣಗಳಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಇದಕ್ಕೆ ಹೆಸರುವಾಸಿ. 'ಕಪ್ಪು ಮೆಹಂದಿ' ಎಂದು ಮಾರುವುದರಲ್ಲೂ ಅದು ಇರಬಹುದು. ಇನ್ನು ಮುಂದೆ ಪಿಪಿಡಿ ಇರುವ ಯಾವ ಬಣ್ಣವನ್ನೂ ಹಚ್ಚಬೇಡಿ, ಪರೀಕ್ಷೆಗೆಂದೂ ಬೇಡ. ನರೆ ನಿಮಗೆ ಚೆನ್ನಾಗಿಯೇ ಕಾಣುತ್ತದೆ.

ತೊಡೆಸಂದಿನಲ್ಲಿ ಉಂಗುರದಂಥ ತುರಿಕೆ. ಮೆಡಿಕಲ್ ಅಂಗಡಿಯವರು ಅಲರ್ಜಿ ಎಂದು ಕ್ರೀಮ್ ಕೊಟ್ಟರು. ಹಚ್ಚಿದರೆ ಕಡಿಮೆ, ಬಿಟ್ಟರೆ ದುಪ್ಪಟ್ಟು.
– ಕಾಲೇಜು ವಿದ್ಯಾರ್ಥಿ, ಸೋಮವಾರಪೇಟೆ

ಅಂಚು ಕೆಂಪಾಗಿ ಉಬ್ಬಿ, ನಡುವೆ ತಿಳಿಯಾಗಿ, ದಿನದಿಂದ ದಿನಕ್ಕೆ ಹರಡುವ ಉಂಗುರ ಹೆಚ್ಚಾಗಿ ಹುಳುಕಡ್ಡಿ, ಅಂದರೆ ಶಿಲೀಂಧ್ರದ ಸೋಂಕು. ಪಿತ್ತಗಂಧೆಯ ಒಂದೊಂದು ದದ್ದು 24 ಗಂಟೆಯೊಳಗೆ ಗುರುತಿಲ್ಲದೆ ಮಾಯವಾಗುತ್ತದೆ. ನಿಮ್ಮದು ವಾರಗಟ್ಟಲೆ ಅಲ್ಲೇ ಇದೆ. ಆ ಕ್ರೀಮಿನ ಟ್ಯೂಬಿನ ಮೇಲೆ ಕ್ಲೊಬೆಟಸಾಲ್ ಅಥವಾ ಬೀಟಾಮೆಥಸೋನ್ ಎಂದಿದ್ದರೆ ಅದು ಸ್ಟಿರಾಯ್ಡ್. ಅದು ಉರಿಯನ್ನು ಅಡಗಿಸಿ ಸೋಂಕನ್ನು ಬೆಳೆಸುತ್ತದೆ, ತೊಡೆಸಂದಿನ ಚರ್ಮವನ್ನು ತೆಳುವಾಗಿಸಿ ಶಾಶ್ವತ ಬಿರುಕು ಗೆರೆ ಬಿಡುತ್ತದೆ. ಇಂದೇ ನಿಲ್ಲಿಸಿ, ಚರ್ಮವೈದ್ಯರನ್ನು ಕಾಣಿರಿ. ಒದ್ದೆ ಒಳ ಉಡುಪನ್ನು ಮೈಮೇಲೆ ಒಣಗಿಸಿಕೊಳ್ಳಬೇಡಿ, ಮಳೆಗಾಲದಲ್ಲಿ ಇಸ್ತ್ರಿ ಹಾಕಿ ತೊಡಿರಿ.

ಮಗಳಿಗೆ ಆರು ವರ್ಷ. ಆಗಾಗ ಮೂಗು ಸೋರುತ್ತದೆಂದು ನಗರದ ಪ್ರಯೋಗಾಲಯವೊಂದರಲ್ಲಿ ಅಲರ್ಜಿಯ ರಕ್ತಪರೀಕ್ಷೆ ಮಾಡಿಸಿದೆವು. ವರದಿಯಲ್ಲಿ ಹಾಲು, ಮೊಟ್ಟೆ, ಗೋಧಿ, ಬಾಳೆಹಣ್ಣು, ಬೆಣ್ಣೆಹಣ್ಣು ಸೇರಿ ಉದ್ದ ಪಟ್ಟಿ ಬಂದಿದೆ. ಎಲ್ಲ ನಿಲ್ಲಿಸಿ ಎಂಟು ತಿಂಗಳಾಯಿತು. ಮಗು ಸೊರಗಿದೆ, ಮೂಗು ಹಾಗೆಯೇ ಸೋರುತ್ತಿದೆ.
– ತಾಯಿ, ಶನಿವಾರಸಂತೆ

ನಿಮ್ಮ ಪತ್ರವನ್ನು ಓದಿ ಸಂಕಟವಾಯಿತು. ರಕ್ತದಲ್ಲಿ ಒಂದು ಆಹಾರದ ಮೇಲೆ ಐಜಿಇ ಇದೆ ಎಂದ ಮಾತ್ರಕ್ಕೆ ಅದನ್ನು ತಿಂದರೆ ಅಲರ್ಜಿಯಾಗುತ್ತದೆ ಎಂದಲ್ಲ. ಆರಾಮವಾಗಿ ತಿಂದು ಅರಗಿಸಿಕೊಳ್ಳುವ ಬಹಳ ಜನರ ರಕ್ತದಲ್ಲೂ ಅದು ಇರುತ್ತದೆ. ತಿಂದಾಗ ಏನಾಯಿತು ಎಂಬ ಕಥೆ ಮೊದಲು, ಆ ಕಥೆ ಬೊಟ್ಟುಮಾಡಿದ ಒಂದೋ ಎರಡೋ ವಸ್ತುವಿಗೆ ಪರೀಕ್ಷೆ ಆಮೇಲೆ. ಕಥೆಯೇ ಇಲ್ಲದೆ ಹತ್ತಾರು ವಸ್ತುಗಳಿಗೆ ಒಟ್ಟಿಗೆ ಪರೀಕ್ಷೆ ಮಾಡಿ, ಬಂದ ಪಟ್ಟಿಯನ್ನು ಮಗುವಿನ ತಟ್ಟೆಯ ಮೇಲೆ ಹೇರುವುದು ಅನ್ಯಾಯ. ನಿಮ್ಮ ವರದಿಯಲ್ಲಿ ಐಜಿಇ ಬದಲು ಐಜಿಜಿ (ಬೇರೊಂದು ಬಗೆಯ ಪ್ರತಿಕಾಯ) ಎಂದು ಬರೆದಿದ್ದರಂತೂ ಅದಕ್ಕೆ ಅಲರ್ಜಿ ಗುರುತಿಸುವಲ್ಲಿ ಬೆಲೆಯೇ ಇಲ್ಲ. ಆ ಆಹಾರವನ್ನು ಮಗು ತಿಂದಿದೆ ಎಂದಷ್ಟೇ ಅದರ ಅರ್ಥ. ಮೂಗು ಮಾತ್ರ ಸೋರುವುದಕ್ಕೆ ಆಹಾರ ಕಾರಣವಾಗುವುದು ತೀರ ಅಪರೂಪ. ಮಡಿಕೇರಿಯ ತಾಯಿಗೆ ನಾನು ಮೇಲೆ ಬರೆದದ್ದನ್ನು ಇನ್ನೊಮ್ಮೆ ಓದಿ, ದಿಂಬಿನಿಂದ ಶುರುಮಾಡಿ.

ತಿಂಗಳುಗಟ್ಟಲೆ ನಿಲ್ಲಿಸಿದ ಆಹಾರವನ್ನು ಮನೆಯಲ್ಲೇ ಒಮ್ಮೆಲೇ ಕೊಡಬೇಡಿ, ಕೆಲವು ಮಕ್ಕಳಲ್ಲಿ ಆ ಬಿಡುವಿನಲ್ಲೇ ಅಲರ್ಜಿ ಬಲಿತಿರುತ್ತದೆ. ಮಕ್ಕಳ ವೈದ್ಯರ ಬಳಿಗೆ ಹೋಗುವಾಗ ವರದಿಯ ಜೊತೆ ಒಂದು ಹಾಳೆ ಒಯ್ಯಿರಿ. ಪರೀಕ್ಷೆಗೆ ಮೊದಲು ಪಟ್ಟಿಯ ಯಾವ ಯಾವ ಆಹಾರವನ್ನು ಅವಳು ತಿನ್ನುತ್ತಿದ್ದಳು, ತಿಂದ ಎರಡು ಗಂಟೆಯೊಳಗೆ ದದ್ದು, ವಾಂತಿ, ತುಟಿ ಊತ ಎಂದಾದರೂ ಆಗಿತ್ತೇ ಎಂದು ಅದರಲ್ಲಿ ಬರೆದಿರಲಿ. ಏನೂ ಆಗದೆ ತಿನ್ನುತ್ತಿದ್ದವುಗಳನ್ನು ಅವರ ಎದುರಿಗೇ ಒಂದೊಂದಾಗಿ ಮತ್ತೆ ಶುರುಮಾಡಬಹುದು. ಬೆಳೆಯುವ ಮಗುವಿಗೆ ಮೊದಲು ಬೇಕಾದದ್ದು ಹಾಲು ಮತ್ತು ಮೊಟ್ಟೆ, ಅವುಗಳಿಂದಲೇ ಪ್ರಾರಂಭಿಸಬಹುದೇ ಎಂದು ಕೇಳಿ. ಅವಳ ತೂಕ, ಎತ್ತರವನ್ನೂ ಅಂದೇ ಅಳೆಸಿ ಬರೆಸಿಕೊಂಡು, ಎರಡು ತಿಂಗಳ ನಂತರದ ಅಳತೆಯೊಂದಿಗೆ ನನಗೊಂದು ಪತ್ರ ಬರೆಯಿರಿ.